ಬಂಡವಾಳ ಉಳಿದರಷ್ಟೇ ಕನಸು

ಷೇರುಪೇಟೆಯಲ್ಲಿ ದಿಢೀರ್ ಶ್ರೀಮಂತರಾಗುವ ಕನಸಿದ್ದರೆ ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರಲ್ಲಿ ಹೊರತಂದ ಅಧ್ಯಯನವನ್ನು ಒಮ್ಮೆ ನೋಡಿ. ಷೇರುಗಳ ಮುಂದಿನ ಬೆಲೆಯ ಮೇಲೆ ಪಣ ಕಟ್ಟುವ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿಗೆ ಇಳಿದ ಸಾಮಾನ್ಯ ಹೂಡಿಕೆದಾರರಲ್ಲಿ ಶೇ 93ರಷ್ಟು ಮಂದಿ ಮೂರು ಹಣಕಾಸು ವರ್ಷಗಳಲ್ಲಿ ಕೈಸುಟ್ಟುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಇದು ಬರೀ ದುರದೃಷ್ಟವಲ್ಲ, ಲೆಕ್ಕವೇ ಹಾಗಿದೆ: ಒಂದು ಲಕ್ಷದಲ್ಲಿ ಅರ್ಧ ಹೋದರೆ, ಉಳಿದ ಐವತ್ತು ಸಾವಿರ ಮತ್ತೆ ಲಕ್ಷವಾಗಲು ದುಪ್ಪಟ್ಟಾಗಬೇಕು. ಗೆದ್ದರೂ ಸೋತರೂ ಬ್ರೋಕರೇಜ್, ವಹಿವಾಟು ತೆರಿಗೆ ತಪ್ಪದು.

'ರಿಸ್ಕ್ ಇಲ್ಲದೆ ಲಾಭವೆಲ್ಲಿ?' ಎನ್ನಬಹುದು. ನಿಜ, ಬ್ಯಾಂಕ್ ಠೇವಣಿಯ ಬಡ್ಡಿಯನ್ನೂ ಹಣದುಬ್ಬರ ಕರಗಿಸುತ್ತದೆ. ಆದರೆ ತಡೆದುಕೊಳ್ಳಬಲ್ಲ ನಷ್ಟವೇ ಬೇರೆ, ಮನೆ ಮುಳುಗಿಸುವ ನಷ್ಟವೇ ಬೇರೆ. ಆರು ತಿಂಗಳ ಮನೆಖರ್ಚು ಮೊದಲು ಎತ್ತಿಡಿ. ಮಗಳ ಕಾಲೇಜು ಫೀಸನ್ನು ಪೇಟೆಗೆ ಒಡ್ಡಬೇಡಿ. ಸಾಲ ತಂದಂತೂ ಹೂಡಲೇಬೇಡಿ.