ಈ 40 ದಿನ ಏನು ಬಿಡೋಣ?

"ಬ್ರದರ್, ಲೆಂಟ್ ನಮಗೂ ಇದೆಯಾ?" ಅಂತ ಯೌವನಸ್ಥರು ನನ್ನನ್ನು ಕೇಳ್ತಾರೆ. ಬೂದಿ ಬುಧವಾರದಿಂದ ಈಸ್ಟರ್‌ವರೆಗೆ, ಭಾನುವಾರಗಳನ್ನು ಬಿಟ್ಟು, 40 ದಿನ. ಈ ಲೆಕ್ಕ ಸತ್ಯವೇದದಲ್ಲಿಲ್ಲ, ನಿಜ. ಆದರೆ ಲೂಕ 4 ತೆಗೆಯಿರಿ. ಪವಿತ್ರಾತ್ಮಭರಿತನಾದ ಯೇಸುವನ್ನೇ ಆತ್ಮನು ಅಡವಿಗೆ ನಡಿಸಿದನು. ಆತ್ಮನ ಬಲದಿಂದ ಗಲಿಲಾಯಕ್ಕೆ ತಿರುಗಿ ಬಂದದ್ದು 14ನೇ ವಚನದಲ್ಲಿ. ನಾವೋ, ಆರಾಧನೆಯಲ್ಲಿ ಆ ಬಲ ಬೇಕು ಅಂತ ಕೂಗ್ತೀವಿ, ಅಡವಿ ಮಾತ್ರ ಬೇಡ!

ಇನ್‌ಸ್ಟಾಗ್ರಾಮ್ ಬಿಡ್ತೀರಾ, ಬಿರಿಯಾನಿ ಬಿಡ್ತೀರಾ? ಒಳ್ಳೆಯದೇ. ಆದರೆ ಯೆಶಾಯ 58ರ ಜನ ಉಪವಾಸದ ದಿನವೇ ಕೆಲಸದವರನ್ನು ಹಿಂಡುತ್ತಿದ್ದರು, ಜಗಳವಾಡುತ್ತಿದ್ದರು. ಪಿಜಿಯಲ್ಲಿ ರೂಮ್‌ಮೇಟ್ ಜೊತೆ ಮಾತು ಬಿಟ್ಟು ಎಷ್ಟು ದಿನವಾಯ್ತು? ಡೆಲಿವರಿ ಹುಡುಗ ತಡಮಾಡಿದಾಗ ನಿಮ್ಮ ಬಾಯಿಂದ ಬಂದದ್ದೇನು? ಊಟ ಬಿಡೋದು ಇದಕ್ಕಿಂತ ಸುಲಭ. ಈ ರಾತ್ರಿ ಫೋನ್ ಪಕ್ಕಕ್ಕಿಟ್ಟು ಕೀರ್ತನೆ 139 ತೆರೆಯಿರಿ, ಕರ್ತನೇ ಹೃದಯವನ್ನು ಶೋಧಿಸಲಿ. ನಾಳೆ ಆ ರೂಮ್‌ಮೇಟನ್ನು ಟೀಗೆ ಕರೆಯಿರಿ.