ಪಾಪಣಿಕನ ಮೂರನೆಯ ಗುಣ

*ಇಂದಿನ ಧಮ್ಮ ಚಿಂತನೆ*

 

ಪಿಲ್ಲಗುಂಪೆ ಕೈಗಾರಿಕಾ ಪ್ರದೇಶದಲ್ಲಿ ಬಾಡಿಗೆ ಶೆಡ್ಡೊಂದರಲ್ಲಿ ಎರಡು ಲೇತ್ ಇಟ್ಟುಕೊಂಡಿರುವ ಉಪಾಸಕರೊಬ್ಬರ ಪ್ರಶ್ನೆ ಇಂದಿನ ಪಾಠಕ್ಕೆ ಕಾರಣ. ಅವರಿಗೆ ಜಾಬ್‌ವರ್ಕ್ ಕೊಡುತ್ತಿದ್ದ ಒಂದೇ ಒಂದು ದೊಡ್ಡ ಗಿರಾಕಿ ಕೆಲಸ ನಿಲ್ಲಿಸಿದೆ. ಹಳೆಯ ಬಿಲ್ಲುಗಳ ಹಣವೂ ಬಂದಿಲ್ಲ. ಹಣ ಬಾರದಿದ್ದರೂ ಬಿಲ್ ಹಾಕಿದ್ದಕ್ಕೆ ಜಿಎಸ್‌ಟಿ ಕಟ್ಟಿಯಾಗಿದೆ. ಶೆಡ್ಡಿನ ಬಾಡಿಗೆ, ಮಿಷನ್ ಸಾಲದ ಕಂತು, ಮಿಷನ್ ತಿರುಗದಿದ್ದರೂ ಬರುವ ಕರೆಂಟಿನ ನಿಗದಿತ ಶುಲ್ಕ, ನಾಲ್ವರ ಸಂಬಳ ಯಾವುದೂ ನಿಲ್ಲುವುದಿಲ್ಲ. ಅವರು ಕೇಳಿದ್ದು ಇಷ್ಟೇ: ನನ್ನ ಹಾಗೆ ಪೆಟ್ಟು ತಿಂದು ಎದ್ದವರ ಜೊತೆ ಕೂತು ಮಾತಾಡಬೇಕು ಅನ್ನಿಸುತ್ತದೆ, ಸ್ವಲ್ಪ ಧೈರ್ಯ ಬಂದೀತು, ಆದರೆ ಅವರ ಮುಂದೆ ಹೋಗಲು ನಾಚಿಕೆ; ಇದಕ್ಕೆ ಧಮ್ಮದಲ್ಲಿ ಏನಾದರೂ ಹೇಳಿದೆಯೇ?

ಹೇಳಿದೆ. ಅದೂ ಅಂಗಡಿಯವನ ಹೋಲಿಕೆಯಲ್ಲೇ ಹೇಳಿದೆ.

ಅಂಗುತ್ತರ ನಿಕಾಯದ ತಿಕನಿಪಾತದಲ್ಲಿ ಪಾಪಣಿಕ ಸುತ್ತ ಎಂಬ ಹೆಸರಿನವು ಎರಡಿವೆ. ಹೆಸರು ಕೇಳಿ ಪಾಪದ ಮಾತಿರಬೇಕು ಅಂದುಕೊಳ್ಳಬೇಡಿ. ಆಪಣ ಎಂದರೆ ಅಂಗಡಿ, ಪಾಪಣಿಕ ಎಂದರೆ ಅಂಗಡಿಯವನು. ಮೊದಲ ಸುತ್ತ ಚಿಕ್ಕದು: ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮೂರು ಹೊತ್ತೂ ಕೆಲಸದ ಮೇಲೆ ಗಮನವಿಡದ ವ್ಯಾಪಾರಿ ಬೆಳೆಯುವುದಿಲ್ಲ. ಇದು ಎಲ್ಲರಿಗೂ ಗೊತ್ತಿರುವ ಮಾತು. ನಮ್ಮ ಉಪಾಸಕರಿಗಂತೂ ಹೇಳಬೇಕಾಗಿಯೇ ಇಲ್ಲ.

ನಮಗೆ ಬೇಕಾದದ್ದು ಎರಡನೆಯ ಸುತ್ತ. ಅಲ್ಲಿ ವ್ಯಾಪಾರಿಗೆ ಮೂರು ಗುಣ ಹೇಳಿದೆ. ಒಂದು, ಅವನು ಚಕ್ಖುಮಾ, ಕಣ್ಣುಳ್ಳವನು: ಈ ಸರಕು ಇಷ್ಟಕ್ಕೆ ಕೊಂಡು ಇಷ್ಟಕ್ಕೆ ಮಾರಿದರೆ ಅಸಲೆಷ್ಟು, ಲಾಭವೆಷ್ಟು ಎಂದು ಬಲ್ಲವನು. ಎರಡು, ವಿಧುರ: ಕೊಳ್ಳುವುದರಲ್ಲಿ, ಮಾರುವುದರಲ್ಲಿ ಕೈ ಪಳಗಿದವನು. ಮೂರು, ನಿಸ್ಸಯಸಂಪನ್ನ: ಒತ್ತಾಸೆಗೆ ಜನ ಉಳ್ಳವನು. ಊರಿನ ಹಣವಂತರು ಇವನನ್ನು ಬಲ್ಲರು. ಇವನಿಗೆ ಕಣ್ಣಿದೆ, ಕೈಯಿದೆ, ಹೆಂಡತಿ ಮಕ್ಕಳನ್ನು ಸಾಕಿಕೊಂಡು ನಮ್ಮ ಹಣವನ್ನೂ ಕಾಲಕಾಲಕ್ಕೆ ತೀರಿಸಬಲ್ಲ ಎಂದು ನಂಬಿ, ತಾವಾಗಿಯೇ ಕರೆದು ಬಂಡವಾಳ ಕೊಡುತ್ತಾರೆ.

ಇಷ್ಟೇ ಆಗಿದ್ದರೆ ಇದು ಬ್ಯಾಂಕಿನವರ ಮಾತಾಗಿಬಿಡುತ್ತಿತ್ತು. ಬುದ್ಧರು ಇದೇ ಮೂರು ಗುಣಗಳನ್ನು ಭಿಕ್ಖುವಿಗೂ ಹೇಳುತ್ತಾರೆ. ಭಿಕ್ಖುವಿಗೆ ಕಣ್ಣೆಂದರೆ ನಾಲ್ಕು ಆರ್ಯಸತ್ಯಗಳನ್ನು ಇದ್ದ ಹಾಗೆ ಅರಿಯುವುದು. ಕೈ ಎಂದರೆ ಬಿಡದ ಪ್ರಯತ್ನ. ಇನ್ನು ಒತ್ತಾಸೆ? ಭಿಕ್ಖುವಿಗೆ ಬಂಡವಾಳ ಕೊಡುವವರು ಯಾರು? ಬಹಳ ಕೇಳಿ ಬಲ್ಲ ಹಿರಿಯ ಭಿಕ್ಖುಗಳ ಬಳಿಗೆ ಆಗಾಗ ಹೋಗಿ, ಇದು ಹೇಗೆ, ಇದರ ಅರ್ಥವೇನು ಎಂದು ಕೇಳುವುದೇ ಅವನ ಒತ್ತಾಸೆ. ಅವರು ಮುಚ್ಚಿದ್ದನ್ನು ತೆರೆದು ತೋರಿಸುತ್ತಾರೆ, ಸಂಶಯ ಕಳೆಯುತ್ತಾರೆ.

ಇಲ್ಲಿ ಸ್ವಲ್ಪ ನಿಲ್ಲೋಣ. ವ್ಯಾಪಾರಿಗೆ ಸಾಲ ಕೊಡುವ ಹಣವಂತ ನಿಂತ ಜಾಗದಲ್ಲೇ, ಭಿಕ್ಖುವಿನ ಪ್ರಶ್ನೆಗೆ ಉತ್ತರ ಕೊಡುವ ಬಲ್ಲವರು ನಿಂತಿದ್ದಾರೆ. ಎರಡಕ್ಕೂ ನಿಸ್ಸಯ ಎಂಬ ಒಂದೇ ಹೆಸರು. ಅಂದರೆ ಬಲ್ಲವರ ಹತ್ತಿರ ಹೋಗಿ ಕೇಳುವುದು ಸೋತವನ ಕೊನೆಯ ದಾರಿಯಲ್ಲ. ಕಣ್ಣು, ಕೈ ಎಷ್ಟು ಮುಖ್ಯವೋ ಇದೂ ಅಷ್ಟೇ ಮುಖ್ಯ ಎಂದು ಸುತ್ತ ಎಣಿಸಿದೆ. ಚೆನ್ನಾಗಿ ನಡೆಯುತ್ತಿರುವ ವ್ಯಾಪಾರಿಗೂ ಅದು ಬೇಕು. ಗಮನಿಸಿ, ಅಲ್ಲಿರುವ ಮಾತು ಧೈರ್ಯ ತುಂಬಿಸಿಕೊಳ್ಳುವುದಲ್ಲ, ಪ್ರಶ್ನೆ ಕೇಳುವುದು.

ನಮ್ಮ ಫೋನುಗಳಲ್ಲಿ ದಿನವೂ ಬರುವ ಗೆಲುವಿನ ಕಥೆಗಳಿಗೂ ಈ ಸುತ್ತಕ್ಕೂ ಇರುವ ವ್ಯತ್ಯಾಸ ಅದೇ. ಬೀದಿಯಲ್ಲಿ ಮಲಗಿದ್ದವನು ನೂರು ಕೋಟಿ ಒಡೆಯನಾದ ಎಂದು ಓದಿದರೆ ಅರ್ಧ ಗಂಟೆ ರಕ್ತ ಬಿಸಿಯಾಗುತ್ತದೆ. ಆಮೇಲೆ ಬಾಡಿಗೆ ಕೇಳಲು ಶೆಡ್ಡಿನ ಯಜಮಾನರು ಫೋನ್ ಮಾಡುತ್ತಾರೆ. (ನಮ್ಮ ಈ ಸಂದೇಶವೂ ಫಾರ್ವರ್ಡ್ ಆಗಿಯೇ ಬರುತ್ತದೆ, ಒಪ್ಪಿದೆ.)

ಈಗ ನಾಚಿಕೆಯ ವಿಷಯ. ಕಿಸಾಗೋತಮಿಯ ಕಥೆ ಎಲ್ಲರೂ ಕೇಳಿದ್ದೀರಿ. ಸತ್ತ ಮಗುವನ್ನು ಎತ್ತಿಕೊಂಡು ಮದ್ದು ಕೇಳುತ್ತ ಬಂದವಳಿಗೆ ಬುದ್ಧರು, ಸಾವೇ ಕಾಣದ ಮನೆಯಿಂದ ಸಾಸಿವೆ ತರಲು ಹೇಳಿದರು. ಮಗುವಿನ ಸಾವಿಗೂ ಬಾರದ ಬಿಲ್ಲಿಗೂ ಹೋಲಿಕೆಯಿಲ್ಲ, ಆ ದುಃಖವನ್ನು ಹಗುರ ಮಾಡುವುದು ಸಲ್ಲದು. ಆದರೂ ಅವಳು ಮಾಡಿದ್ದೇನು ನೋಡಿ. ಮನೆಮನೆಯ ಬಾಗಿಲಿಗೆ ಹೋದಳು, ಕೇಳಿದಳು. ಯಾರೂ ಅವಳಿಗೆ ಉಪದೇಶ ಮಾಡಲಿಲ್ಲ, ತಮ್ಮ ಮನೆಯಲ್ಲಿ ಆದದ್ದನ್ನು ಹೇಳಿದರು ಅಷ್ಟೇ. ಕೈಗಾರಿಕಾ ಪ್ರದೇಶದ ಒಂದೇ ರಸ್ತೆಯಲ್ಲಿ ಶೆಡ್ಡಿನಿಂದ ಶೆಡ್ಡಿಗೆ ಹೋಗಿ, ಒಂದು ಬಿಲ್ಲೂ ಮುಳುಗದ ಕಡೆಯಿಂದ ಹಿಡಿ ಸಾಸಿವೆ ತನ್ನಿ ಎಂದರೆ ಯಾರ ಕೈಗೆ ಸಿಕ್ಕೀತು? ಒಬ್ಬರು 2016ರ ನೋಟು ರದ್ದತಿಯ ಕಾಲ ಹೇಳುತ್ತಾರೆ, ಇನ್ನೊಬ್ಬರು 2020ರ ಲಾಕ್‌ಡೌನ್ ಹೇಳುತ್ತಾರೆ, ಮತ್ತೊಬ್ಬರು 2021ರಲ್ಲಿ ಉಕ್ಕಿನ ಬೆಲೆ ಏರಿದಾಗ ಹಳೆಯ ದರಕ್ಕೇ ಮಾಲು ಕೊಡಬೇಕಾಗಿ ಬಂದದ್ದನ್ನು ಹೇಳುತ್ತಾರೆ. ನನ್ನೊಬ್ಬನಿಗೇ ಹೀಗಾಯಿತು ಎಂಬ ಭಾವನೆ ಅಲ್ಲಿಗೆ ಸಡಿಲವಾಗುತ್ತದೆ. ನಾಚಿಕೆ ಹುಟ್ಟುವುದೇ ಆ ಭಾವನೆಯಿಂದ.

ಆದರೆ ನಾಚಿಕೆಯಲ್ಲದೆ ಇನ್ನೊಂದು ಭಯವಿದೆ, ಅದು ಸುಳ್ಳು ಭಯವಲ್ಲ. ಇಂಥವರ ಶೆಡ್ಡು ಮುಳುಗುತ್ತಿದೆ ಎಂಬ ಸುದ್ದಿ ಹಬ್ಬಿದರೆ ಕಬ್ಬಿಣ ಕೊಡುವವರು ಉದ್ದರಿ ನಿಲ್ಲಿಸಿ ನಗದು ಕೇಳುತ್ತಾರೆ. ಕೆಲಸದ ಹುಡುಗರು ಬೇರೆ ಕಡೆ ನೋಡಿಕೊಳ್ಳುತ್ತಾರೆ. ಪಕ್ಕದವರೇ ಲೇತಿಗೆ ಅರ್ಧ ಬೆಲೆ ಕೇಳಲು ಬರಬಹುದು. ಹಾಗಾಗಿ ಎಲ್ಲರ ಮುಂದೆ ಎಲ್ಲವನ್ನೂ ಬಿಚ್ಚಿಡಿ ಎಂದು ಧಮ್ಮ ಹೇಳುವುದಿಲ್ಲ. ಯಾರ ಮುಂದೆ ಎಂಬುದನ್ನು ದೀಘ ನಿಕಾಯದ ಸಿಗಾಲೋವಾದ ಸುತ್ತ ಬಿಡಿಸಿ ಹೇಳುತ್ತದೆ. ಸುಖದುಃಖದಲ್ಲಿ ಸಮನಾಗಿರುವ ಗೆಳೆಯನ ಲಕ್ಷಣಗಳಲ್ಲಿ ಮೊದಲ ಮೂರು: ತನ್ನ ಗುಟ್ಟನ್ನು ನಿನಗೆ ಹೇಳುತ್ತಾನೆ, ನಿನ್ನ ಗುಟ್ಟನ್ನು ಕಾಯುತ್ತಾನೆ, ಆಪತ್ತಿನಲ್ಲಿ ಕೈಬಿಡುವುದಿಲ್ಲ. ಈ ಕ್ರಮ ನನಗೆ ಬಹಳ ಹಿಡಿಸಿದ್ದು. ತನ್ನ ನಷ್ಟದ ಲೆಕ್ಕವನ್ನು ಒಮ್ಮೆಯೂ ನಿಮ್ಮ ಮುಂದೆ ಹೇಳದವನಿಗೆ ನಿಮ್ಮ ನಷ್ಟದ ಲೆಕ್ಕವನ್ನು ಮೊದಲೇ ಒಪ್ಪಿಸಬೇಕಾಗಿಲ್ಲ.

ಅದೇ ಸುತ್ತದಲ್ಲಿ ಬರಿ ಮಾತಿನ ಗೆಳೆಯನ ಚಿತ್ರವೂ ಇದೆ. ಹಿಂದೆ ಹೀಗೆ ಮಾಡಬೇಕೆಂದಿದ್ದೆ ಎನ್ನುತ್ತಾನೆ, ಮುಂದೆ ಹೀಗೆ ಮಾಡುತ್ತೇನೆ ಎನ್ನುತ್ತಾನೆ, ಉಪಯೋಗವಿಲ್ಲದ ಮಾತಿನಿಂದ ಒಲಿಸಿಕೊಳ್ಳುತ್ತಾನೆ, ಈಗ ಆಗಬೇಕಾದ ಕೆಲಸ ಬಂದಾಗ ಮಾತ್ರ ತನ್ನ ಕಷ್ಟ ತೋರಿಸುತ್ತಾನೆ. ಹೋದ ವಾರ ಬಂದಿದ್ದರೆ ಕೊಡುತ್ತಿದ್ದೆನಲ್ಲ ಮಾರಾಯಾ ಎನ್ನುವವರನ್ನು ನಾವೆಲ್ಲ ಕಂಡಿದ್ದೇವೆ.

ಇನ್ನು ಕೂತ ಮೇಲೆ ಏನು ಕೇಳಬೇಕು? ಎದ್ದದ್ದು ಹೇಗೆ ಎಂದು ಕೇಳಿದರೆ ಕಷ್ಟಪಟ್ಟೆ, ಎದ್ದೆ ಎಂಬ ಉತ್ತರ ಬರುತ್ತದೆ. ಅದರಿಂದ ನಾಳೆ ಬೆಳಿಗ್ಗೆ ಮಾಡಬೇಕಾದ ಕೆಲಸ ಗೊತ್ತಾಗುವುದಿಲ್ಲ. ಭಿಕ್ಖು ಕೇಳುವ ಹಾಗೆ ಇದು ಹೇಗೆ, ಇದರ ಅರ್ಥವೇನು ಎಂದು ಒಂದೊಂದೇ ವಿಷಯ ಎತ್ತಿ ಕೇಳಬೇಕು. ಉದಾಹರಣೆಗೆ ಬಾಕಿ ಬಿಲ್ಲು. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಂದ ಮಾಲು ಅಥವಾ ಸೇವೆ ಪಡೆದವರು ಒಪ್ಪಂದದ ದಿನದೊಳಗೆ ಹಣ ಕೊಡಬೇಕು. ಒಪ್ಪಂದ ಏನೇ ಇದ್ದರೂ ಅದು 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ದೂರು ಕೇಳಲು ರಾಜ್ಯದಲ್ಲಿ ಫೆಸಿಲಿಟೇಶನ್ ಕೌನ್ಸಿಲ್ ಇದೆ, ಮೊದಲು ರಾಜಿ, ಆಗದಿದ್ದರೆ ಪಂಚಾಯ್ತಿ ತೀರ್ಪು. ತೀರ್ಪನ್ನು ರದ್ದು ಮಾಡಿಸಲು ಕೋರ್ಟಿಗೆ ಹೋಗುವ ಕಂಪನಿ ಮೊದಲು ಶೇ. 75ರಷ್ಟು ಹಣ ಠೇವಣಿ ಇಡಬೇಕು. ಇದರ ಜೊತೆಗೆ 2024ರ ಏಪ್ರಿಲ್ 1ರಿಂದ, ಈ ಗಡುವಿನೊಳಗೆ ಕೊಡದ ಹಣವನ್ನು ಕೊಂಡವರು ಆ ವರ್ಷದ ಖರ್ಚೆಂದು ಆದಾಯ ತೆರಿಗೆ ಲೆಕ್ಕದಲ್ಲಿ ತೋರಿಸಿಕೊಳ್ಳುವಂತಿಲ್ಲ, ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ತೋರಿಸಬಹುದು.

ಕಾನೂನು ಹೀಗಿದೆ. ಆದರೆ ದೂರು ಕೊಟ್ಟರೆ ಆ ಗಿರಾಕಿ ಮತ್ತೆ ಕೆಲಸ ಕೊಡುತ್ತದೆಯೇ? ದೂರಿಗೆ ಮೊದಲು ವಕೀಲರ ಪತ್ರ ಸಾಕಾಗುತ್ತದೆಯೇ? ಅಕೌಂಟ್ಸ್ ವಿಭಾಗದಲ್ಲಿ ಯಾರ ಹತ್ತಿರ ಮಾತಾಡಬೇಕು? ಒಬ್ಬನೇ ಗಿರಾಕಿಯನ್ನು ನಂಬಿದ್ದವರು ಎರಡನೆಯವರನ್ನು ಹುಡುಕಿದ್ದು ಹೇಗೆ? ಸಂಬಳ ಕೊಡಲಾಗದ ತಿಂಗಳು ಕೆಲಸಗಾರರಿಗೆ ಏನು ಹೇಳಿದರು? ಇವು ಪುಸ್ತಕದಲ್ಲಿ ಸಿಗುವುದಿಲ್ಲ. ಇದೇ ದಾರಿ ತುಳಿದ ನಾಲ್ಕು ಜನರ ಬಾಯಲ್ಲಿ ಸಿಗುತ್ತವೆ. ಅಕ್ಕಪಕ್ಕದಲ್ಲಿ ಕೇಳಲು ಹಿಂಜರಿಕೆಯಾದರೆ ಸಂಘಗಳಿವೆ. ಕಾಸಿಯಾ ಎಂದೇ ಎಲ್ಲರೂ ಕರೆಯುವ ಕರ್ನಾಟಕದ ಸಣ್ಣ ಕೈಗಾರಿಕೆಗಳ ಸಂಘ 1949ರಲ್ಲೇ ಹುಟ್ಟಿದ್ದು, ಬೆಂಗಳೂರಿನ ವಿಜಯನಗರದಲ್ಲಿ ಅದರ ಕಚೇರಿಯಿದೆ.

ಕೆಲಸಗಾರರ ಪ್ರಶ್ನೆಯನ್ನು ಸುಮ್ಮನೆ ಸೇರಿಸಿದ್ದಲ್ಲ. ಸಿಗಾಲೋವಾದದಲ್ಲಿ ಯಜಮಾನನ ಕರ್ತವ್ಯಗಳಲ್ಲಿ ಊಟ ಮತ್ತು ಕೂಲಿ ಕೊಡುವುದೂ ಒಂದು. ಮೇಲಿನವರು ನಮ್ಮ ಹಣ ತಡೆದಿದ್ದಾರೆ ಎಂಬ ನೋವಿನಲ್ಲಿ ನಾವು ಕೆಳಗಿನವರ ಹಣ ತಡೆದರೆ, ಅವರಿಗೆ ನಾವೇ ಆ ದೊಡ್ಡ ಕಂಪನಿ. ಪೂರ್ತಿ ಕೊಡಲಾಗದಿದ್ದರೆ ಎಷ್ಟು ಕೊಡಬಲ್ಲೆವು, ಯಾವತ್ತು ಕೊಡುತ್ತೇವೆ ಎಂದು ಮುಖ ಕೊಟ್ಟು ಹೇಳುವುದು ಸಮ್ಮಾ ವಾಚಾ.

ಹಾಗಾದರೆ ಎದ್ದವರಿಂದ ಏನನ್ನು ಅನುಸರಿಸಬೇಕು? ಕೋಲಿಯರ ಕಕ್ಕರಪತ್ತ ಎಂಬ ಊರಿನಲ್ಲಿ ದೀಘಜಾಣು ಎಂಬ ಗೃಹಸ್ಥ ಬುದ್ಧರನ್ನು ಕೇಳಿದ. ನಾವು ಹೆಂಡತಿ ಮಕ್ಕಳ ನಡುವೆ ಬಾಳುವವರು, ಚಂದನ ಹಚ್ಚುವವರು, ಚಿನ್ನ ಬೆಳ್ಳಿ ಮುಟ್ಟುವವರು, ಈ ಲೋಕದಲ್ಲೂ ಮುಂದೆಯೂ ಒಳಿತಾಗುವ ಮಾತು ನಮಗೂ ಹೇಳಿ ಎಂದ. ಈ ಲೋಕದ ಒಳಿತಿಗೆ ಬುದ್ಧರು ನಾಲ್ಕು ಹೇಳಿದರು: ಉಟ್ಠಾನಸಂಪದಾ ಅಂದರೆ ದುಡಿಮೆ, ಆರಕ್ಖಸಂಪದಾ ಅಂದರೆ ದುಡಿದದ್ದನ್ನು ಕಾಯುವುದು, ಕಲ್ಯಾಣಮಿತ್ತತಾ, ಸಮಜೀವಿತಾ. ಮೂರನೆಯದನ್ನು ವಿವರಿಸುವಾಗ, ಊರಿನಲ್ಲಿ ಶೀಲದಲ್ಲಿ ಮಾಗಿದವರು ಹಿರಿಯರಿರಲಿ ಕಿರಿಯರಿರಲಿ, ಅವರ ಜೊತೆ ಕೂರಬೇಕು, ಮಾತಾಡಬೇಕು, ಚರ್ಚಿಸಬೇಕು ಎನ್ನುತ್ತಾರೆ. ಆಮೇಲೆ ಅವರಲ್ಲಿ ಏನನ್ನು ನೋಡಿ ಕಲಿಯಬೇಕು ಎಂಬ ಪಟ್ಟಿ: ಸದ್ಧಾ, ಸೀಲ, ಚಾಗ, ಪಞ್ಞಾ. ಶ್ರದ್ಧೆ, ಶೀಲ, ತ್ಯಾಗ, ಪ್ರಜ್ಞೆ. ಕೇಳಿದವನು ಚಿನ್ನ ಬೆಳ್ಳಿಯ ವ್ಯವಹಾರದವನು, ಆದರೂ ಸಂಪತ್ತು ಆ ಪಟ್ಟಿಯಲ್ಲಿಲ್ಲ. ಕಿರಿಯರಿರಲಿ ಎಂಬ ಮಾತನ್ನೂ ಬಿಡಬೇಡಿ. ಮೂವತ್ತು ವರ್ಷ ಲೇತ್ ನಡೆಸಿದವರು ನಿನ್ನೆ ಮೊನ್ನೆ ಶೆಡ್ಡು ಹಾಕಿದ ಹುಡುಗನನ್ನು ಕೇಳಬಹುದು.

ಹಾಗೆ ನೋಡಿ ಕಲಿಯಲು ಒಬ್ಬರನ್ನು ಹೆಸರಿಸುವುದಾದರೆ ಸಾವತ್ಥಿಯ ಅನಾಥಪಿಂಡಿಕ. ಜೇತವನಕ್ಕೆ ಚಿನ್ನ ಹಾಸಿದವರು ಎಂದಷ್ಟೇ ನೆನೆಯುತ್ತೇವೆ, ಅವರು ಬಡವರಾದದ್ದನ್ನು ಮರೆಯುತ್ತೇವೆ. ಜಾತಕದ ಅಟ್ಠಕಥೆಯ ಪ್ರಕಾರ ವ್ಯಾಪಾರಿಗಳು ಪತ್ರ ಬರೆದುಕೊಟ್ಟು ಅವರಿಂದ ಪಡೆದ 18 ಕೋಟಿ ಹಿಂದಿರುಗಲಿಲ್ಲ. ನದಿ ದಡದಲ್ಲಿ ಹೂತಿಟ್ಟ ಇನ್ನೊಂದು 18 ಕೋಟಿ ದಡ ಕುಸಿದು ನೀರುಪಾಲಾಯಿತು. ಅವರ ಬಾಗಿಲಲ್ಲಿ ನೆಲೆಸಿದ್ದ ದೇವತೆ ಇದೇ ಸಮಯ ನೋಡಿ, ದಾನ ನಿಲ್ಲಿಸಿ ವ್ಯಾಪಾರ ನೋಡಿಕೋ ಎಂದು ಬುದ್ಧಿ ಹೇಳಿತು. ಅವರು ಆ ದೇವತೆಯನ್ನೇ ಮನೆ ಬಿಟ್ಟು ಹೋಗೆಂದರು. ನೆಲೆ ತಪ್ಪಿದ ದೇವತೆ ಕೊನೆಗೆ ಸಕ್ಕನ ಮಾತಿನಂತೆ ಗುಮಾಸ್ತನ ವೇಷ ಹಾಕಿ, ಸಾಲಪತ್ರ ಹಿಡಿದು ಮನೆಮನೆಗೆ ಹೋಗಿ ಬಾಕಿ ವಸೂಲಿ ಮಾಡಿಕೊಟ್ಟಿತು. ಅಂಥ ದೇವತೆ ನಮಗೆ ಸಿಗುವುದಿಲ್ಲ, ಫೆಸಿಲಿಟೇಶನ್ ಕೌನ್ಸಿಲಿಗೆ ಅರ್ಜಿ ನಾವೇ ಹಾಕಬೇಕು. ಆದರೆ ಆ ಕಷ್ಟದ ದಿನಗಳಲ್ಲಿ ಅವರ ಮನೆಯಲ್ಲಿ ಭಿಕ್ಖುಗಳಿಗೆ ಬಡಿಸುತ್ತಿದ್ದುದು ನುಚ್ಚಿನ ಅನ್ನ, ಹುಳಿ ಗಂಜಿ. ಬುದ್ಧರು ಕೇಳಿದಾಗ ಅವರು ಅದನ್ನು ಮುಚ್ಚಿಡಲಿಲ್ಲ. ದಾನ ನಡೆದಿದೆ ಭಂತೇ, ಆದರೆ ಒರಟು ಊಟ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ನಾಳೆ: ದೀಘಜಾಣುವಿಗೆ ಹೇಳಿದ ನಾಲ್ಕನೆಯದು, ಸಮಜೀವಿತಾ. ತಕ್ಕಡಿ ಹಿಡಿದವನ ಹೋಲಿಕೆ ಮತ್ತು ನಾಲ್ಕು ತೂಬಿನ ಕೆರೆಯ ಹೋಲಿಕೆಯನ್ನು ಓದಿಕೊಂಡು ಬನ್ನಿ.