ಲಿಖಿತ ಹೇಳಿಕೆಯಲ್ಲಿ ತಪ್ಪು ನುಸುಳಿದಾಗ

ಸಿವಿಲ್ ದಾವೆಯಲ್ಲಿ ವಾದಪತ್ರಕ್ಕೆ ಪ್ರತಿವಾದಿ ಕೊಡುವ ಉತ್ತರವೇ ಲಿಖಿತ ಹೇಳಿಕೆ. ಸಮನ್ಸ್ ಜಾರಿಯಾದ 30 ದಿನಗಳೊಳಗೆ ಇದನ್ನು ಸಲ್ಲಿಸಬೇಕು. ಕಾರಣ ದಾಖಲಿಸಿಕೊಂಡು ನ್ಯಾಯಾಲಯ 90 ದಿನಗಳವರೆಗೆ ಅವಕಾಶ ಕೊಡಬಹುದು. ವಾಣಿಜ್ಯ ದಾವೆಗಳಲ್ಲಿ 120 ದಿನ ಕಳೆದರೆ ಉತ್ತರಿಸುವ ಹಕ್ಕೇ ಹೋಗುತ್ತದೆ; ಅಲ್ಲಿ ದಯೆ ದಾಕ್ಷಿಣ್ಯಕ್ಕೆ ಎಡೆಯಿಲ್ಲ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೇ ಆದೇಶ, 5ನೇ ನಿಯಮದ ಪ್ರಕಾರ ವಾದಿ ಹೇಳಿದ ಯಾವ ಸಂಗತಿಯನ್ನು ಪ್ರತಿವಾದಿ ಸ್ಪಷ್ಟವಾಗಿ ಅಲ್ಲಗಳೆಯುವುದಿಲ್ಲವೋ ಅದನ್ನು ಒಪ್ಪಿದಂತೆಯೇ ಲೆಕ್ಕ. ಜನ ಹೆಚ್ಚಾಗಿ ಸೋಲುವುದು ಇಲ್ಲಿಯೇ. ವಾದಪತ್ರದ 4ನೇ ಪ್ಯಾರಾದಲ್ಲಿ ಎರಡು ಲಕ್ಷ ಕೈಸಾಲದ ಮಾತಿದೆ ಎನ್ನಿ. ಉತ್ತರದಲ್ಲಿ ‘ಸತ್ಯವಲ್ಲ’ ಎಂದಿರಬೇಕಾದ ಕಡೆ ಟೈಪಿಸ್ಟ್ ‘ಸತ್ಯ’ ಎಂದು ಹೊಡೆದಿರುತ್ತಾನೆ. ಗುಮಾಸ್ತ ಪೆನ್ಸಿಲ್ಲಿನಿಂದ ಗುರುತು ಹಾಕಿದ ಜಾಗದಲ್ಲೆಲ್ಲ ಕಕ್ಷಿದಾರ ಓದದೆ ಸಹಿ ಹಾಕುತ್ತಾನೆ; ‘ಮೇಲೆ ಬರೆದದ್ದೆಲ್ಲ ನಿಜ’ ಎನ್ನುವ ದೃಢೀಕರಣದ ಕೆಳಗೂ ಹಾಕುತ್ತಾನೆ. ಅಷ್ಟಾದ ಮೇಲೆ 12ನೇ ಆದೇಶದ 6ನೇ ನಿಯಮದಡಿ, ಸಾಕ್ಷಿ ವಿಚಾರಣೆಯೇ ಇಲ್ಲದೆ, ಆ ಒಪ್ಪಿಗೆಯ ಮೇಲೆಯೇ ತೀರ್ಪು ಕೇಳಲು ವಾದಿಗೆ ದಾರಿ ತೆರೆದಂತಾಯಿತು.

ತಪ್ಪು ಕಂಡಾಗ ಕೋರ್ಟಿನ ಹೊರಗೆ ಓಡಾಡುವ ಮಧ್ಯವರ್ತಿಗಳು ಕೊಡುವ ಸಲಹೆ ಒಂದೇ: ‘ಸಾಕ್ಷಿ ಹೇಳುವಾಗ ಸರಿಮಾಡಿದರಾಯಿತು.’ ಸಂಸಾರಗಳ ಮನೆ, ಹೊಲ ಕಳೆದ ಮಾತಿದು. ಲಿಖಿತ ಹೇಳಿಕೆಯಲ್ಲಿ ಇಲ್ಲದ ವಾದಕ್ಕೆ ಸಾಕ್ಷಿ ನುಡಿದರೂ ಅದಕ್ಕೆ ಬೆಲೆ ಸಿಗದು. ದುಡ್ಡು ಕೊಟ್ಟು ಕಡತದಲ್ಲೇ ತಿದ್ದಿಸುತ್ತೇವೆ ಎನ್ನುವವರೂ ಇದ್ದಾರೆ. ಹಾಗೆ ತಿದ್ದಿಸಿದರೆ ಫೋರ್ಜರಿ ಕೇಸು ಮೈಮೇಲೆ ಬೀಳುತ್ತದೆ.

ಸರಿಯಾದ ದಾರಿ 6ನೇ ಆದೇಶ, 17ನೇ ನಿಯಮದ ತಿದ್ದುಪಡಿ ಅರ್ಜಿ. ಯಾವ ಪ್ಯಾರಾದ ಯಾವ ಪದ ಹೋಗಬೇಕು, ಯಾವುದು ಬರಬೇಕು ಎಂದು ಬರೆದು, ತಪ್ಪು ಹೇಗಾಯಿತು ಎನ್ನುವ ಪ್ರಮಾಣಪತ್ರ ಲಗತ್ತಿಸಬೇಕು. ಮೊದಲೇ ಲೀಗಲ್ ನೋಟಿಸಿಗೆ ಸಾಲ ನಿರಾಕರಿಸಿ ಉತ್ತರ ಕೊಟ್ಟಿದ್ದರೆ ಅದರ ಪ್ರತಿ, ಅಂಚೆ ರಸೀದಿ ಜೊತೆಗಿರಲಿ. ಕೈತಪ್ಪು ನಿಜವಾಗಿ ಕೈತಪ್ಪೇ ಎಂದು ತೋರಿಸಲು ಅದಕ್ಕಿಂತ ಗಟ್ಟಿ ದಾಖಲೆ ಸಿಗುವುದು ಕಷ್ಟ. ಒಪ್ಪಿಗೆಗೆ ವಿವರಣೆ ಕೊಡುವ ತಿದ್ದುಪಡಿಗೆ ನ್ಯಾಯಾಲಯಗಳು ಸಾಮಾನ್ಯವಾಗಿ ಉದಾರ. ತಿಳಿದೇ ಮಾಡಿದ ಒಪ್ಪಿಗೆಯನ್ನು ಪೂರ್ತಿ ಅಳಿಸಿ ವಾದಿಯ ಹಕ್ಕಿಗೆ ಪೆಟ್ಟು ಕೊಡುವ ತಿದ್ದುಪಡಿಗೆ ಅನುಮತಿ ಸಿಗುವುದು ಬಲು ಅಪರೂಪ.

ಅರ್ಜಿಗೆ ಗಡುವಿಲ್ಲ ಎಂದು ಕುಳಿತುಕೊಳ್ಳುವಂತಿಲ್ಲ. ವಿಚಾರಣೆ ಶುರುವಾದ ಮೇಲೆ ‘ಎಷ್ಟೇ ಎಚ್ಚರ ವಹಿಸಿದ್ದರೂ ಮೊದಲೇ ಗೊತ್ತಾಗುತ್ತಿರಲಿಲ್ಲ’ ಎಂದು ಮನಗಾಣಿಸಬೇಕು. ಸ್ವಂತ ಸಹಿಯಿರುವ ಕಾಗದದ ಬಗ್ಗೆ ಹಾಗೆ ಹೇಳುವುದು ಹೇಗೆ? ಮುಖ್ಯ ವಿಚಾರಣೆಯ ಪ್ರಮಾಣಪತ್ರ ಸಲ್ಲಿಸಿದರೆ ವಿಚಾರಣೆ ಶುರುವಾದಂತೆಯೇ ಎಂದು ಸುಪ್ರೀಂ ಕೋರ್ಟ್ 2009ರ ಹೊತ್ತಿಗೇ ಹೇಳಿದೆ. ಆದ್ದರಿಂದ ವಿವಾದಾಂಶ ರಚನೆಗೆ ಮೊದಲೇ ಅರ್ಜಿ ಹೋಗುವುದು ಕ್ಷೇಮ.

ಅನುಮತಿ ಸಿಕ್ಕಿತೆಂದು ಸುಮ್ಮನಾದವರೂ ಮುಳುಗಿದ್ದಾರೆ. ಆದೇಶದಲ್ಲಿ ಬೇರೆ ಅವಧಿ ಹೇಳದಿದ್ದರೆ 14 ದಿನಗಳೊಳಗೆ ತಿದ್ದುಪಡಿಯನ್ನು ಮೂಲಪ್ರತಿಯಲ್ಲಿ ಅಳವಡಿಸಬೇಕು. ಅವಧಿ ವಿಸ್ತರಣೆ ಸಿಗದಿದ್ದರೆ ಅವಕಾಶ ಹೋದಂತೆಯೇ. ಕಚೇರಿಯ ಸಿಬ್ಬಂದಿ ಇದನ್ನು ತಾವಾಗಿ ನೆನಪಿಸುವುದಿಲ್ಲ, ‘ಆಮೇಲೆ ಬನ್ನಿ’ ಎಂದು ಸಾಗಹಾಕುವುದೇ ಹೆಚ್ಚು.

ಅರ್ಜಿ ಬಾಕಿಯಿದೆ ಎಂದು ದಾವೆ ನಿಲ್ಲುವುದಿಲ್ಲ. ವಾಯಿದೆಯಂದು ಪ್ರತಿವಾದಿಯಾಗಲಿ ವಕೀಲರಾಗಲಿ ಹಾಜರಿಲ್ಲದಿದ್ದರೆ ಪ್ರಕರಣ ಏಕಪಕ್ಷೀಯವಾಗಿ ಮುಂದುವರಿಯಬಹುದು. ಹಾಗಾದರೆ ಮುಂದಿನ ವಾಯಿದೆಯಂದೇ ಸೂಕ್ತ ಕಾರಣ ತೋರಿಸಿ 9ನೇ ಆದೇಶದ 7ನೇ ನಿಯಮದಡಿ ಅರ್ಜಿ ಹಾಕಬೇಕು. ಏಕಪಕ್ಷೀಯ ಡಿಕ್ರಿ ಆಗಿಹೋಗಿದ್ದರೆ ಅದನ್ನು ರದ್ದುಪಡಿಸುವಂತೆ ಅದೇ ಆದೇಶದ 13ನೇ ನಿಯಮದಡಿ 30 ದಿನಗಳೊಳಗೆ ಕೇಳಬೇಕು; ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ಡಿಕ್ರಿ ತಿಳಿದ ದಿನದಿಂದ ಲೆಕ್ಕ. ಆದರೆ ಹಾಜರಿದ್ದೂ ಒಪ್ಪಿಗೆಯ ಮೇಲೆ ಡಿಕ್ರಿಯಾಗಿದ್ದರೆ ಈ ಅರ್ಜಿ ನಡೆಯದು. ಆಗ ಜಿಲ್ಲಾ ನ್ಯಾಯಾಲಯಕ್ಕಾದರೆ 30 ದಿನ, ಹೈಕೋರ್ಟಿಗಾದರೆ 90 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು.